ನೀಲಗಿರಿಗೆ ನಾಲ್ಕು ದಿನ: ಊಟಿಯಾಚೆಯ ಬೆಟ್ಟಸೀಮೆಗೆ ಕನ್ನಡಿಗರ ಕೈಪಿಡಿ

ಮೈಸೂರಿನ ಕಡೆಯವರಿಗೆ ಊಟಿ ಎಂದರೆ ಬೆಳಗ್ಗೆ ಹೋಗಿ ರಾತ್ರಿ ವಾಪಸ್ ಬರುವ ಊರು. ಬೊಟಾನಿಕಲ್ ಗಾರ್ಡನ್, ಕೆರೆಯಲ್ಲಿ ದೋಣಿ, ದೊಡ್ಡಬೆಟ್ಟದ ಮೇಲೆ ಮಂಜಿನಲ್ಲಿ ಏನೂ ಕಾಣದ ಒಂದು ಫೋಟೊ, ಎರಡು ಪೊಟ್ಟಣ ಚಾಕೊಲೇಟು, ಒಂದು ಸೀಸೆ ನೀಲಗಿರಿ ಎಣ್ಣೆ. ಶಾಲೆಯ ಪ್ರವಾಸದಿಂದ ಹಿಡಿದು ಮದುವೆಯಾದ ಮೇಲಿನವರೆಗೆ ನಾನೂ ಆರು ಸಲ ಹೀಗೇ ಹೋಗಿ ಬಂದೆ. ತಮಿಳುನಾಡಿನ ಬೆಟ್ಟವೊಂದಕ್ಕೆ ‘ದೊಡ್ಡಬೆಟ್ಟ’ ಅನ್ನುವ ಅಚ್ಚಗನ್ನಡದ ಹೆಸರು ಯಾಕೆ ಬಂತು ಅನ್ನುವುದು ತಲೆಗೆ ಹೊಳೆದದ್ದು ಏಳನೆಯ ಸಲ.

ಅಲ್ಲಿಂದ ಮುಂದೆ ನಕ್ಷೆ ನೋಡುವ ಬಗೆಯೇ ಬದಲಾಯಿತು. ‘ಹಟ್ಟಿ’ ಎಂದು ಮುಗಿಯುವ ಊರುಗಳು ಸಾಲುಸಾಲು. ಮೋಯಾರ್ ಕಣಿವೆಯ ತಳದಲ್ಲಿ ತೆಂಗುಮರಹಾಡ. ಕೋಟಗಿರಿಯ ಹತ್ತಿರದ ಕ್ಯಾಥರೀನ್ ಜಲಪಾತಕ್ಕೆ ಹಳೆಯ ಹೆಸರು ಗೆದ್ದೆಹಾಡ ಹಳ್ಳ. ಕೋಟಗಿರಿ ಎಂಬುದರಲ್ಲಿ ಕೋಟೆಯೂ ಇಲ್ಲ, ಗಿರಿಯೂ ಇಲ್ಲ. ಅದು ಕೋಟ-ಕೇರಿ, ಅಂದರೆ ಕೋಟ ಎಂಬ ಬುಡಕಟ್ಟಿನವರ ಕೇರಿ. ಇಂಥ ಹೆಸರುಗಳನ್ನು ಗೈಡ್ ಇಲ್ಲದೆಯೇ ಬಿಡಿಸಿಕೊಳ್ಳಬಲ್ಲವರು ನಾವು. ಆದರೂ ದೋಣಿ ಸವಾರಿಯ ಟಿಕೆಟ್ ಸಾಲಿನಲ್ಲಿ ನಿಂತು ದಿನ ಕಳೆಯುತ್ತೇವೆ. ಈ ಬರಹ ಆ ಸಾಲು ಬಿಟ್ಟು ಬರುವವರಿಗೆ.

ಮೊದಲು ಒಂದು ಪರಿಚಯ. ತೋಡ, ಕೋಟ, ಕುರುಂಬ, ಇರುಳ, ಪಣಿಯ, ಕಾಟುನಾಯಕ ಎಂಬ ಆರು ಬುಡಕಟ್ಟುಗಳು ನೀಲಗಿರಿಯ ಮೂಲದವರು. ಆರೂ ಸರ್ಕಾರದ ‘ವಿಶೇಷವಾಗಿ ದುರ್ಬಲ’ ಬುಡಕಟ್ಟುಗಳ ಪಟ್ಟಿಯಲ್ಲಿವೆ. ಸಂಖ್ಯೆಯಲ್ಲಿ ಇವರೆಲ್ಲರಿಗಿಂತ ಎಷ್ಟೋ ದೊಡ್ಡ ಸಮುದಾಯ ಬಡಗರದು. ಅವರು ಈಗ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲ, ಸೇರಿಸಬೇಕೆಂಬ ಬೇಡಿಕೆ ಹಳೆಯದು. ಬಡಗ ಎಂದರೆ ಬಡಗಣದವನು, ಉತ್ತರದಿಂದ ಬಂದವನು. ಬೆಟ್ಟದ ಮೇಲೆ ನಿಂತು ನೋಡಿದರೆ ಉತ್ತರಕ್ಕೆ ಇರುವುದು ನಮ್ಮ ಗುಂಡ್ಲುಪೇಟೆ, ಚಾಮರಾಜನಗರದ ಬಯಲು.

ಯಾವಾಗ ಹೋಗಬೇಕು

ಏಪ್ರಿಲ್–ಮೇ ಬೇಡ. ಇಡೀ ದಕ್ಷಿಣ ಭಾರತ ಆಗ ಅಲ್ಲೇ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೂಡಲೂರು, ಅವಲಾಂಚೆ ಕಡೆಯ ಪಶ್ಚಿಮ ಮಗ್ಗುಲಿಗೆ ಹೊಡೆಯುವ ಮಳೆ ನಮ್ಮ ಆಗುಂಬೆಯನ್ನು ನೆನಪಿಸುತ್ತದೆ; 2019ರ ಆಗಸ್ಟ್‌ನಲ್ಲಿ ಅವಲಾಂಚೆಯಲ್ಲಿ ಒಂದೇ ದಿನ 800 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದಿತ್ತು. ಅಕ್ಟೋಬರ್–ನವೆಂಬರ್‌ನಲ್ಲಿ ಹಿಂಗಾರು ಪೂರ್ವ ಮಗ್ಗುಲಿಗೆ, ಅಂದರೆ ಕೂನೂರು, ಕೋಟಗಿರಿ ಕಡೆಗೆ ತಿರುಗುತ್ತದೆ. ಗುಡ್ಡ ಜರಿದು ಬೆಟ್ಟದ ರೈಲು ನಿಲ್ಲುವುದು ಆಗಲೇ.

ಉಳಿದದ್ದು ಡಿಸೆಂಬರ್ ಮಧ್ಯದಿಂದ ಫೆಬ್ರವರಿ. ಬೆಳಗಿನ ಜಾವ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿರುತ್ತದೆ, ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತದೆ, ಆಕಾಶ ತೊಳೆದಿಟ್ಟಂತೆ ಇರುತ್ತದೆ. ಬಡಗರ ಹೆತ್ತೆ ಹಬ್ಬ, ಕೋಟರ ಅಯ್ಯನೋರ್–ಅಮ್ಮನೋರ್ ಹಬ್ಬ, ತೋಡರ ಮೊಧ್ವೆತ್ ಮೂರೂ ಹೆಚ್ಚುಕಡಿಮೆ ಡಿಸೆಂಬರ್ ಕೊನೆಯಿಂದ ಜನವರಿಯ ನಡುವೆ ಬರುತ್ತವೆ. ದಿನ ಗೊತ್ತುಮಾಡುವುದು ಅವರವರ ಹಿರಿಯರು, ಹಾಗಾಗಿ ಕ್ಯಾಲೆಂಡರ್ ನೋಡಿ ರೂಮು ಕಾದಿರಿಸಬೇಡಿ. ಉಳಿಯುವ ಮನೆಯವರಿಗೆ ಫೋನ್ ಮಾಡಿ ಕೇಳಿ. ಕ್ರಿಸ್‌ಮಸ್–ಹೊಸವರ್ಷದ ವಾರ ಮತ್ತು ಸಂಕ್ರಾಂತಿಯ ರಜೆಯ ಮೂರು ದಿನ ಬಿಟ್ಟು ಹೋಗಿ.

ಹೊರಡುವ ಮುನ್ನ

ಸ್ವಂತ ಗಾಡಿಯಾದರೆ ಇ-ಪಾಸ್ ಮಾಡಿಸಿಕೊಳ್ಳಿ. ಮದ್ರಾಸ್ ಹೈಕೋರ್ಟಿನ ಆದೇಶದ ಮೇಲೆ 2024ರ ಮೇ 7ರಿಂದ ನೀಲಗಿರಿಗೆ ಹೊರಗಿನ ವಾಹನಗಳಿಗೆ ಇದು ಬಂದಿದೆ. ತಮಿಳುನಾಡು ಸರ್ಕಾರದ ಜಾಲತಾಣದಲ್ಲಿ ಗಾಡಿ ನಂಬರ್, ಎಷ್ಟು ಜನ, ಎಲ್ಲಿ ಉಳಿಯುತ್ತೀರಿ, ಎಷ್ಟು ದಿನ ಎಂದು ತುಂಬಿದರೆ ಸಾಕು. 2025ರ ಬೇಸಿಗೆಯಲ್ಲಿ ವಾರದ ದಿನ 6,000, ಶನಿವಾರ–ಭಾನುವಾರ 8,000 ವಾಹನ ಎಂದು ಮಿತಿಯನ್ನೂ ಹಾಕಿದ್ದರು. ಈ ನಿಯಮಗಳು ಋತುವಿಗೊಮ್ಮೆ ಬದಲಾಗುತ್ತವೆ, ಹೊರಡುವ ಹಿಂದಿನ ದಿನ ಒಮ್ಮೆ ನೋಡಿ. ಸರ್ಕಾರಿ ಬಸ್ಸಿನಲ್ಲಿ ಹೋಗುವವರಿಗೆ ಇದರ ತಾಪತ್ರಯವೇ ಇಲ್ಲ. ಮೈಸೂರಿನಿಂದ ದಿನವೂ ಬಸ್ಸುಗಳಿವೆ, ಕಿಟಕಿ ಪಕ್ಕದ ಸೀಟು ಸಿಕ್ಕರೆ ಕಾರಿಗಿಂತ ಅದೇ ವಾಸಿ.

ಪ್ಲಾಸ್ಟಿಕ್ ನೀರಿನ ಬಾಟಲಿ ಮನೆಯಲ್ಲೇ ಬಿಡಿ. ಐದು ಲೀಟರಿಗಿಂತ ಚಿಕ್ಕ ಬಾಟಲಿ ಇಡೀ ಜಿಲ್ಲೆಯಲ್ಲಿ ನಿಷಿದ್ಧ, ಚೆಕ್‌ಪೋಸ್ಟಿನಲ್ಲಿ ಡಿಕ್ಕಿ ತೆಗೆಸಿ ನೋಡುತ್ತಾರೆ, ದಂಡ ಹಾಕುತ್ತಾರೆ. ನನ್ನ ಚಿಕ್ಕಪ್ಪ ಒಂದು ಕೇಸು ಬಾಟಲಿ ತಂದು ‘ಇದು ಕುಡಿಯೋ ನೀರು ಕಣ್ರೀ’ ಎಂದು ವಾದ ಮಾಡಿ ಸೋತವರು. ಸ್ಟೀಲ್ ಬಾಟಲಿ ಒಯ್ಯಿರಿ. ದಾರಿಯುದ್ದಕ್ಕೂ ನೀರಿನ ಎಟಿಎಂಗಳಿವೆ.

ಬಟ್ಟೆಯ ವಿಷಯ: ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಒಂದು ದಪ್ಪ ಜರ್ಕಿನ್‌ಗಿಂತ ಎರಡು ತೆಳು ಸ್ವೆಟರ್ ಮೇಲು, ಮಧ್ಯಾಹ್ನ ಒಂದನ್ನು ತೆಗೆಯಬಹುದು. ಹಬ್ಬಕ್ಕೆ ಹೋಗುವ ಆಸೆಯಿದ್ದರೆ ಒಂದು ಜೊತೆ ಬಿಳಿ ಬಟ್ಟೆ ಇರಲಿ, ಯಾಕೆಂದು ಮುಂದೆ ಹೇಳುತ್ತೇನೆ. ಘಾಟಿ ಹತ್ತುವ ದಿನ ಬೆಳಗ್ಗೆ ಮಸಾಲೆದೋಸೆ ಬೇಡ, ಎರಡು ಇಡ್ಲಿ ಸಾಕು.

ಮೊದಲ ದಿನ: ಚಾಮರಾಜನಗರದಲ್ಲಿ ಒಂದು ಗಂಟೆ

ನಂಜನಗೂಡು ದಾಟಿದ ಮೇಲೆ ಎಲ್ಲರೂ ನೇರ ಗುಂಡ್ಲುಪೇಟೆಗೆ ಹೋಗುತ್ತಾರೆ. ನೀವು ಚಾಮರಾಜನಗರಕ್ಕೆ ತಿರುಗಿ. ಊರೊಳಗೆ ಪಾರ್ಶ್ವನಾಥ ಬಸದಿ ಇದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನ 1117ರ ಶಾಸನ ಇಲ್ಲಿಯದು. ಅವನು ತೋಡರನ್ನು ಬೆದರಿಸಿದ, ಅರಸನ ಅಪ್ಪಣೆಯಂತೆ ನೀಲಾದ್ರಿಯನ್ನು ಹಿಡಿದ ಎಂದು ಅದರಲ್ಲಿದೆ. ತೋಡರ ಹೆಸರು ಬರಹದಲ್ಲಿ ಮೊದಲು ಸಿಗುವುದು ಇಲ್ಲೇ ಎಂದು ಬಲ್ಲವರು ಹೇಳುತ್ತಾರೆ. ಇಂಗ್ಲಿಷರು ಬೆಟ್ಟ ಹತ್ತುವ ಏಳುನೂರು ವರ್ಷ ಮೊದಲೇ ಕನ್ನಡದ ಕಲ್ಲಿನ ಮೇಲೆ ಆ ಜನರೂ ಆ ಬೆಟ್ಟವೂ ಇದ್ದವು. ಬಂದ ಸಂದರ್ಭ ಮಾತ್ರ ಹೆಮ್ಮೆ ಪಡುವಂಥದ್ದಲ್ಲ, ದಂಡೆತ್ತಿ ಹೋದದ್ದು.

ಅಲ್ಲಿಂದ ಗುಂಡ್ಲುಪೇಟೆ, ಬಂಡೀಪುರ, ಕೆಕ್ಕನಹಳ್ಳ ಚೆಕ್‌ಪೋಸ್ಟು, ತೆಪ್ಪಕಾಡು. ಕಾಡಿನೊಳಗೆ ಎಲ್ಲೂ ನಿಲ್ಲಿಸಬೇಡಿ, ಆನೆ ಕಂಡರೂ. ತೆಪ್ಪಕಾಡಿನಲ್ಲಿ ದಾರಿ ಎರಡಾಗುತ್ತದೆ. ಎಡಕ್ಕೆ ಮಸಿನಗುಡಿ, ಕಲ್ಲಟ್ಟಿ ಘಾಟಿ: ಹತ್ತಿರದ ದಾರಿ, ಆದರೆ 36 ಹೇರ್‌ಪಿನ್ ತಿರುವು, ಗೋಡೆ ಹತ್ತಿದಂಥ ಏರು. ಮೊದಲ ಗೇರಿನಲ್ಲಿ ಹತ್ತಿ ಅಭ್ಯಾಸವಿಲ್ಲದವರು ಈ ಸಾಹಸ ಮಾಡಬೇಡಿ. ಈ ಘಾಟಿಯಲ್ಲಿ ಇಳಿಯಲು ಹೊರಗಿನ ಗಾಡಿಗಳನ್ನು ಬಿಡುವುದೇ ಇಲ್ಲ. ಬ್ರೇಕ್ ಕಾದು ಹೋಗಿ ಆದ ಅಪಘಾತಗಳು ಅಷ್ಟಿವೆ. ನೇರ ಹೋದರೆ ಗೂಡಲೂರು, ನಡುವಟ್ಟಂ, ಪೈಕಾರ. ಮೂವತ್ತು ಕಿಲೋಮೀಟರಿನಷ್ಟು ಸುತ್ತು, ಆದರೆ ನಿಧಾನ ಏರು. ನನ್ನ ಆಯ್ಕೆ ಇದು.

ನಡುವಟ್ಟಂ ಮೇಲೆ ಎರಡು ಬಗೆಯ ಕಾಡು ಕಾಣುತ್ತದೆ. ಬೆಟ್ಟದ ಮಡಿಕೆಗಳಲ್ಲಿ ಗುಂಗುರು ತಲೆಯ ಹಾಗೆ ದಟ್ಟವಾಗಿ ಕುಳಿತದ್ದು ಶೋಲಾ, ಮೂಲದ ಕಾಡು. ನೆಟ್ಟಗೆ ಸಾಲು ನಿಂತದ್ದು ನಾವು ‘ನೀಲಗಿರಿ ಮರ’ ಎನ್ನುವ ಯೂಕಲಿಪ್ಟಸ್. ಆಸ್ಟ್ರೇಲಿಯಾದ ಮರ, ಹತ್ತೊಂಬತ್ತನೆಯ ಶತಮಾನದಲ್ಲಿ ಸೌದೆಗೆಂದು ತಂದು ನೆಟ್ಟದ್ದು. ಅದು ಬೆಳೆದು ನಿಂತದ್ದು ತೋಡರ ಎಮ್ಮೆಗಳು ಮೇಯುತ್ತಿದ್ದ ಹುಲ್ಲುಗಾವಲಿನ ಮೇಲೆ. ಆ ಮರಕ್ಕೆ ಕನ್ನಡದಲ್ಲಿ ಈ ಬೆಟ್ಟದ ಹೆಸರನ್ನೇ ಇಟ್ಟು ಕರೆಯುತ್ತೇವಲ್ಲ, ಅದೊಂದು ಇರಿಸುಮುರಿಸು.

ಬಿಡಾರ ಕೋಟಗಿರಿಯಲ್ಲಿ ಹೂಡಿ

ಊಟಿಯಲ್ಲಿ ಉಳಿಯಬೇಡಿ. ಅಲ್ಲಿಂದ ಮೂವತ್ತು ಕಿಲೋಮೀಟರ್ ಪೂರ್ವಕ್ಕಿರುವ ಕೋಟಗಿರಿಗೆ ಕತ್ತಲಾಗುವ ಮುನ್ನ ತಲುಪಿ. ಚಿಕ್ಕ ಊರು, ಚಳಿ ಒಂದು ಗುಲಗಂಜಿ ಕಡಿಮೆ, ಬಾಡಿಗೆಯೂ ಕಡಿಮೆ, ಸುತ್ತ ಬಡಗರ ಹಟ್ಟಿಗಳು. ಬಡಗರ ಮನೆಗಳಲ್ಲೇ ನಡೆಸುವ ಹೋಮ್‌ಸ್ಟೇ ಸಿಕ್ಕರೆ ಅದನ್ನೇ ಹಿಡಿಯಿರಿ. ಊಟಕ್ಕೆ ಅವರೆ ಉದಕ ಕೇಳಿ. ಅವರೆಕಾಳು, ಆಲೂಗೆಡ್ಡೆ ಹಾಕಿ ಮಾಡುವ ಸಾರು, ನಮ್ಮ ಹುಳಿಗಿಂತ ತೆಳು, ಖಾರ ಮುಂದು. ರಾಗಿಮುದ್ದೆಗೆ ಅಲ್ಲೂ ‘ಹಿಟ್ಟು’ ಎನ್ನುತ್ತಾರೆ, ನಮ್ಮ ಹಳ್ಳಿಗಳಲ್ಲಿ ಅಂದ ಹಾಗೇ. ಸಿಹಿಗೆ ತುಪ್ಪದಿಟ್ಟು ಇದ್ದರೆ ನಿಮ್ಮ ಪುಣ್ಯ, ಅದು ಸಾಮಾನ್ಯವಾಗಿ ಕಾರ್ಯ–ಕಲಾಪಗಳಿಗಷ್ಟೇ.

ಒಂದು ಎಚ್ಚರಿಕೆ. ಸಂಜೆ ಆರರ ಮೇಲೆ ಟೀ ತೋಟದ ಕಾಲುದಾರಿಯಲ್ಲಿ ಅಡ್ಡಾಡಬೇಡಿ. ಕಾಟಿಗಳು, ಅಂದರೆ ಕಾಡುಕೋಣಗಳು, ಬೀದಿಗೇ ಬರುತ್ತವೆ, ಕರಡಿಯೂ ಬರುತ್ತದೆ. ಕೋಟಗಿರಿಯವರಿಗೆ ಇದು ದಿನನಿತ್ಯದ ಮಾತು, ಅವರು ಹೆದರುವುದಿಲ್ಲ. ಅವರಿಗೆ ಕಾಟಿಯ ಮುಖಭಾವ ಓದಲು ಬರುತ್ತದೆ, ನಮಗೆ ಬರುವುದಿಲ್ಲ.

ಎರಡನೆಯ ದಿನ: ಹಟ್ಟಿ, ಬಂಗಲೆ, ಕೊಡನಾಡು

ಬೆಳಗ್ಗೆ ಕಣ್ಣೇರಿಮುಕ್ಕಿಗೆ ಹೋಗಿ, ಊರಿನಿಂದ ಎರಡು–ಮೂರು ಕಿಲೋಮೀಟರ್. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಬೆಟ್ಟ ಹತ್ತಿ ಬಂದು ನೆಲೆಯೂರಿದ್ದು ಕೋಟಗಿರಿಯ ಈ ಸುತ್ತಿನಲ್ಲೇ. ಊಟಿ ಆಮೇಲಿನ ಮಾತು. ಅವನ ಬಂಗಲೆ ಪಾಳುಬಿದ್ದಿತ್ತು, ಈಗ ದುರಸ್ತಿಯಾಗಿ ಕೆಂಪು ಬಣ್ಣ ಹೊತ್ತು ನಿಂತಿದೆ. ಒಳಗೆ ನೀಲಗಿರಿಯ ಚರಿತ್ರೆಯ ಪುಟ್ಟ ಸಂಗ್ರಹಾಲಯ. ಅರ್ಧ ಗಂಟೆ ಸಾಕು. ಹಳೆಯ ಫೋಟೊಗಳ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ, ನಾಳೆ ನೋಡುವ ಮನೆಗಳ ಹಳೆಯ ರೂಪ ಅಲ್ಲಿದೆ.

ಆಮೇಲೆ ಹಟ್ಟಿ. ಗುರುತಿನವರಿಲ್ಲದೆ ನುಗ್ಗಬೇಡಿ, ಹೋಮ್‌ಸ್ಟೇಯವರೇ ತಮ್ಮ ನೆಂಟರ ಊರಿಗೆ ಕರೆದೊಯ್ಯುತ್ತಾರೆ. ಗೋಡೆಗೆ ಗೋಡೆ ತಗುಲಿದ ಮನೆಗಳ ಸಾಲು, ಮುಂದೆ ಉದ್ದಕ್ಕೂ ಒಂದೇ ಅಂಗಳ. ನಾನು ಹೋದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಬಿಸಿಲಿಗೆ ಕೂತು ಬೀನ್ಸ್ ಸೋಸುತ್ತಿದ್ದರು. ನಾನು ಕನ್ನಡದಲ್ಲಿ ಕೇಳುವುದು, ಅವರು ಬಡಗದಲ್ಲಿ ಹೇಳುವುದು. ಹಟ್ಟಿ, ಹಬ್ಬ, ಹಾಲು, ಹೊಲ ಎಲ್ಲ ಕೈಗೆ ಸಿಗುತ್ತಿದ್ದವು. ಕ್ರಿಯಾಪದದ ತುದಿ ಬಂದಾಗ ಜಾರಿ ಹೋಗುತ್ತಿತ್ತು. ಮುಕ್ಕಾಲು ಪಾಲು ತಿಳಿಯಿತು ಎಂಬ ಹುಮ್ಮಸ್ಸಿನಲ್ಲಿ ಪಕ್ಕದಲ್ಲಿದ್ದ ಮೊಮ್ಮಗನಿಗೆ ಹೇಳಿದೆ: ‘ಇದು ಕನ್ನಡವೇ ಅಲ್ವೇನಪ್ಪಾ?’

ಬೆಂಗಳೂರಿನಲ್ಲಿ ಕೆಲಸ ಮಾಡುವ ಹುಡುಗ, ಕನ್ನಡದಲ್ಲೇ ಉತ್ತರಿಸಿದ: ‘ಅಣ್ಣಾ, ನೀವು ಮಾತಾಡೋದು ಬಡಗವೇ ಅಲ್ವಾ ಅಂತ ನಾವು ಯಾವತ್ತಾದ್ರೂ ಕೇಳಿದ್ದೀವಾ?’

ಅಜ್ಜಿ ನಕ್ಕರು. ನಾನು ಟೀ ಕುಡಿದೆ. ಆ ತಪ್ಪನ್ನು ನೀವು ಮಾಡಬೇಡಿ. ಬಡಗವನ್ನು ಕನ್ನಡದ ಒಳನುಡಿ ಎಂದು ಹಿಂದೆ ಎಣಿಸುತ್ತಿದ್ದರು, ಈಗ ಸ್ವತಂತ್ರ ನುಡಿ ಎಂದೇ ಪರಿಗಣಿಸುತ್ತಾರೆ. ಮೈಸೂರು ಸೀಮೆಯಿಂದ ಬಂದವರು ಎಂಬ ಕಥನ ಬಡಗರ ಮನೆಮನೆಯಲ್ಲೂ ಇದೆ. ಬಂದದ್ದು ಯಾವಾಗ ಎಂಬುದರ ಬಗ್ಗೆ ವಾದಗಳಿವೆ; 1603ರಲ್ಲಿ ಕೇರಳದ ಕಡೆಯಿಂದ ಬೆಟ್ಟ ಹತ್ತಿದ ಫೆನಿಸಿಯೊ ಎಂಬ ಇಟಲಿಯ ಪಾದ್ರಿ ತೋಡರ ಜೊತೆಗೆ ಬಡಗರ ಊರುಗಳ ಬಗ್ಗೆಯೂ ಬರೆದಿದ್ದಾನೆ, ಅಂದರೆ ಅಷ್ಟು ಹೊತ್ತಿಗೆ ಅವರು ಇಲ್ಲಿ ಬೇರುಬಿಟ್ಟಿದ್ದರು.

ಹೆತ್ತೆ ಬಡಗರ ಕುಲದೇವತೆ. ಆ ನುಡಿಯಲ್ಲಿ ಹೆತ್ತೆ ಎಂದರೆ ಅಜ್ಜಿ. ನಮ್ಮ ಕಿವಿಗೆ ‘ಹೆತ್ತವಳು’ ಎಂದೇ ಕೇಳುತ್ತದೆ. ಕೋಟಗಿರಿಯ ಹತ್ತಿರದ ಬೇರಗಣಿಯಲ್ಲಿ ಅವಳ ದೊಡ್ಡ ಹಬ್ಬ. ಸಾವಿರಾರು ಜನ ಬಿಳಿ ಪಂಚೆ, ಬಿಳಿ ಮುಂಡು, ಬಿಳಿ ಪೇಟದಲ್ಲಿ ಹಸಿರು ಬೆಟ್ಟದ ಮೇಲೆ ಸಾಲುಗಟ್ಟಿ ಬರುವುದನ್ನು ದೂರದ ತಿರುವಿನಿಂದ ನೋಡಿದರೆ ಕೊಕ್ಕರೆ ಹಿಂಡು ಇಳಿದಂತೆ ಕಾಣುತ್ತದೆ. ನೀವು ಬಣ್ಣದ ಜರ್ಕಿನ್ ಹಾಕಿ ನಡುವೆ ನಿಂತರೆ ಯಾರೂ ಬಯ್ಯುವುದಿಲ್ಲ, ನಿಮಗೇ ಮುಜುಗರವಾಗುತ್ತದೆ. ಬಿಳಿ ಬಟ್ಟೆ ಇರಲಿ ಎಂದದ್ದು ಅದಕ್ಕೆ.

ಮಧ್ಯಾಹ್ನ ಕೊಡನಾಡು ವ್ಯೂ ಪಾಯಿಂಟ್, ಹದಿನೆಂಟು ಕಿಲೋಮೀಟರ್. ಕೆಳಗೆ ಮೋಯಾರ್ ನದಿ ಕಂದಕದಲ್ಲಿ ಸರಿಗೆಯ ಹಾಗೆ, ಅದರ ದಡದಲ್ಲಿ ತೆಂಗುಮರಹಾಡದ ಗದ್ದೆಯ ಹಸಿರು ತುಂಡು, ಬದಿಯಲ್ಲಿ ಇರುಳರು ಪೂಜಿಸುವ ರಂಗಸ್ವಾಮಿ ಬೆಟ್ಟ. ಬಂಡೀಪುರದ ಕಡೆಯ ಕಾಡು ಮಸುಕಾಗಿ ಕಾಣುತ್ತದೆ. ಮೂರು ಗಂಟೆಯ ಮೇಲೆ ಮಂಜು ಏಳುತ್ತದೆ, ಅಷ್ಟರೊಳಗೆ ತಲುಪಿ.

ವಾಪಸ್ ಬರುತ್ತ ಕೋಟಗಿರಿಯಲ್ಲಿ ಜೇನುತುಪ್ಪ ಕೊಳ್ಳಿ. ಕುರುಂಬರು ಬಂಡೆಯ ತುದಿಯಿಂದ ಬಳ್ಳಿಯ ಏಣಿ ಇಳಿಬಿಟ್ಟು ತೆಗೆಯುವ ಹೆಜ್ಜೇನಿನ ತುಪ್ಪ ಇಲ್ಲಿಯ ಹೆಸರಾಂತ ಸರಕು. ಬುಡಕಟ್ಟುಗಳ ಜೊತೆ ಕೆಲಸ ಮಾಡುವ ಕೀಸ್ಟೋನ್ ಫೌಂಡೇಶನ್ ಇರುವುದು ಈ ಊರಿನಲ್ಲೇ. ಅದರ ಬಳಗದ ಲಾಸ್ಟ್ ಫಾರೆಸ್ಟ್ ಅಂಗಡಿಯಲ್ಲಿ ಸಿಗುತ್ತದೆ. ಒಂದೊಂದು ಸೀಸೆಯ ಬಣ್ಣ ಒಂದೊಂದು ಥರ, ಕೆಲವು ಸ್ವಲ್ಪ ಕಹಿ. ಕಹಿಯಾದದ್ದನ್ನೇ ತಂದುಕೊಳ್ಳಿ, ಸಿಹಿಯದು ಎಲ್ಲ ಕಡೆ ಸಿಗುತ್ತದೆ.

ಮೂರನೆಯ ದಿನ: ಊಟಿ, ಆದರೆ ಬೇರೆ ಬಾಗಿಲಿನಿಂದ

ವಾರದ ದಿನವೇ ಇಟ್ಟುಕೊಳ್ಳಿ. ಬೆಳಗ್ಗೆ ಮೊದಲು ಊಟಿಯಿಂದ ಹತ್ತು ಕಿಲೋಮೀಟರ್ ದೂರದ ಪಾಲಡದಲ್ಲಿರುವ ಬುಡಕಟ್ಟು ಸಂಶೋಧನಾ ಕೇಂದ್ರದ ಸಂಗ್ರಹಾಲಯ. ಸರ್ಕಾರಿ ಜಾಗ, ರಜಾ ದಿನ ಬಾಗಿಲು ಹಾಕಿರುತ್ತದೆ. ಆರೂ ಸಮುದಾಯಗಳ ಬಳಕೆಯ ವಸ್ತುಗಳು ಇಲ್ಲಿವೆ. ಇದನ್ನು ಮೊದಲು ನೋಡಿ ಎನ್ನಲು ಕಾರಣವಿದೆ. ಈ ಬೆಟ್ಟದ ಸಮುದಾಯಗಳು ಒಂದನ್ನೊಂದು ಬಿಟ್ಟು ಬದುಕಿದವಲ್ಲ. ತೋಡರದು ಎಮ್ಮೆ, ಹಾಲು, ತುಪ್ಪ. ಕೋಟರದು ಕಬ್ಬಿಣದ ಕೆಲಸ, ಮಡಕೆ (ಮಡಕೆ ಮಾಡುವವರು ಹೆಂಗಸರು), ಸಾವು–ಹಬ್ಬಗಳಿಗೆ ವಾದ್ಯ. ಬಡಗರದು ದವಸ. ಕುರುಂಬರದು ಕಾಡಿನ ಉತ್ಪನ್ನ, ಜೊತೆಗೆ ಮಾಟ–ಮಂತ್ರದ ಭಯವೂ ರಕ್ಷಣೆಯೂ. ದುಡ್ಡಿಲ್ಲದೆ, ಮನೆಗೆ ಮನೆ ಗೊತ್ತಾಗಿ ನಡೆಯುತ್ತಿದ್ದ ಈ ಕೊಡುಕೊಳೆ ಕಳೆದ ಶತಮಾನದಲ್ಲಿ ಕಳಚಿಕೊಂಡಿತು. ಒಂದು ಸಂಗ್ರಹಾಲಯದ ಮಡಕೆ, ಕುಡುಗೋಲು, ಹಾಲಿನ ಬಿದಿರು ಗಿಂಡಿ ನೋಡುವಾಗ ಯಾರು ಮಾಡಿದ್ದು, ಯಾರ ಮನೆಗೆ ಹೋದದ್ದು ಎಂದು ಕೇಳಿಕೊಳ್ಳಿ. ಕೋಟರ ಏಳು ಊರುಗಳಿಗೆ ಕೋಕಾಲ್ ಎನ್ನುತ್ತಾರೆ. ಅಲ್ಲಿಗೆ ಆಹ್ವಾನವಿಲ್ಲದೆ ಹೋಗಬೇಡಿ, ಗುಡಿಯ ಅಂಗಳಕ್ಕೆ ಕಾಲಿಡಬೇಡಿ.

ಆಮೇಲೆ ತೋಡರ ಮಂದ್. ಊಟಿಗೆ ಹಳೆಯ ಹೆಸರು ಉದಕಮಂಡ್. ಕೊನೆಯ ಆ ‘ಮಂಡ್’ ತೋಡರ ನೆಲೆ. ನಮ್ಮ ‘ಮಂದೆ’, ಕೊಡವರ ‘ಮಂದ್’ ಇವೆಲ್ಲ ಒಂದೇ ಬಳಗದ ಪದಗಳು. 2011ರ ಜನಗಣತಿಯಂತೆ ತೋಡರು ಎರಡು ಸಾವಿರದಷ್ಟು ಮಂದಿ. ಅವರ ನುಡಿ ದ್ರಾವಿಡವೇ ಆದರೂ ನಮ್ಮ ಕಿವಿಯ ಬಂಡವಾಳ ಇಲ್ಲಿ ಖಾಲಿ. ಮೂರು ಬಗೆಯ ರ-ಕಾರ ಇರುವ ನುಡಿ ಅದು. ನಾನು ಮೂರನ್ನೂ ಕೇಳಿಸಿಕೊಂಡೆ, ಮೂರೂ ಒಂದೇ ಎನಿಸಿತು.

ಊಟಿಗೆ ಹತ್ತಿರದ ಮುತ್ತನಾಡು ಮಂದ್‌ನಲ್ಲಿ ಹುಲ್ಲು ಹೊದಿಸಿದ, ಶಂಕುವಿನಾಕಾರದ ಎತ್ತರದ ಗುಡಿಯಿದೆ. ಅಂಥವು ಉಳಿದಿರುವುದು ತೀರ ಕೆಲವೇ. ಸಾಮಾನ್ಯ ಗುಡಿ, ಹಳೆಯ ಮನೆ ಎಲ್ಲ ಅರ್ಧ ಪೀಪಾಯಿ ಕವುಚಿ ಹಾಕಿದ ಹಾಗೆ. ಬಾಗಿಲು ಎಷ್ಟು ಚಿಕ್ಕದೆಂದರೆ ತೆವಳಿಯೇ ಒಳಹೋಗಬೇಕು. ಗುಡಿಯೆಂದರೆ ಇವರಿಗೆ ಹಾಲುಮನೆ. ಎಮ್ಮೆಯ ಹಾಲು ಕಡೆಯುವುದೇ ಪೂಜೆ, ಕಡೆಯುವವನೇ ಪೂಜಾರಿ. ಸುತ್ತಲಿನ ಕಲ್ಲುಗೋಡೆ ದಾಟುವುದು ಹೊರಗಿನವರಿಗೆ ಸಲ್ಲದು, ಹಾಲುಮನೆಯೊಳಗೆ ತೋಡ ಹೆಂಗಸರೇ ಹೋಗುವುದಿಲ್ಲ. ಫೋಟೊ ತೆಗೆಯುವ ಮುನ್ನ ಕೇಳಿ. ‘ಬೇಡ’ ಎಂದರೆ ಮೊಬೈಲ್ ಜೇಬಿಗೆ ಹಾಕಿ, ಜೂಮ್ ಮಾಡಿ ಕದ್ದು ತೆಗೆಯಬೇಡಿ. ಈಗ ಹೆಚ್ಚಿನವರು ಇರುವುದು ನಮ್ಮ ನಿಮ್ಮಂಥ ತಾರಸಿ ಮನೆಗಳಲ್ಲಿ. ‘ಅಯ್ಯೋ, ಹಳೇ ಮನೆ ಎಲ್ಲಿ?’ ಎಂದು ಅವರ ಎದುರಿಗೇ ಪೇಚಾಡಿಕೊಳ್ಳುವ ಪ್ರವಾಸಿಗರನ್ನು ಕಂಡಿದ್ದೇನೆ. ತೊಟ್ಟಿಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದವರು ನಾವು.

ಮಂದ್‌ಗೆ ಹೋಗಲು ಒಂದು ನ್ಯಾಯವಾದ ನೆಪ ಬೇಕಿದ್ದರೆ ಅದು ಕಸೂತಿ. ಬಿಳಿ ದಪ್ಪ ಹತ್ತಿಬಟ್ಟೆಯ ಮೇಲೆ ಕೆಂಪು, ಕಪ್ಪು ನೂಲು. ತೋಡರ ಹೊದಿಕೆ ಪುತ್‌ಕುಳಿಯ ಮೇಲಿನ ಈ ಕೆಲಸಕ್ಕೆ 2013ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಒಬ್ಬ ಹೆಂಗಸು ಮನೆಯ ಮೆಟ್ಟಿಲ ಮೇಲೆ ಕೂತು ಹೊಲಿಯುತ್ತಿದ್ದರು. ಬಟ್ಟೆಯ ಮೇಲೆ ಪೆನ್ಸಿಲ್ ಗೆರೆಯಿಲ್ಲ, ಚೌಕಟ್ಟಿಲ್ಲ, ನಮೂನೆಯ ಕಾಗದವಿಲ್ಲ. ನೇಯ್ಗೆಯ ಎಳೆಗಳನ್ನೇ ಸೂಜಿಯ ಮೊನೆಯಿಂದ ಎಣಿಸಿ ಎತ್ತುವುದು, ನೂಲು ಎಳೆಯುವುದು, ಮತ್ತೆ ಎಣಿಸುವುದು. ನಡುವೆ ನನ್ನ ಜೊತೆ ಮಾತು, ಅಂಗಳದ ನಾಯಿಗೆ ಗದರು. ಎಣಿಕೆ ತಪ್ಪಲಿಲ್ಲ. ‘ಎಷ್ಟು ದಿನ ಆಯ್ತಮ್ಮ?’ ಎಂದು ಹರಕು ತಮಿಳಿನಲ್ಲಿ ಕೇಳಿದೆ. ಮೂರು ಬೆರಳು ತೋರಿಸಿ ‘ವಾರ’ ಎಂದರು. ಮುಗಿದ ಶಾಲೊಂದನ್ನು ತೆಗೆದು ಮಡಿಲಿಗೆ ಹಾಕಿ, ಯಾವುದು ಒಳಬದಿ ಹೇಳು ಎಂದರು. ತಿರುಗಿಸಿ ಮುರುಗಿಸಿ ನೋಡಿದೆ, ಹೇಳಲಾಗಲಿಲ್ಲ. ಎರಡೂ ಬದಿ ಹೊದೆಯುವಂಥದ್ದೇ.

ಕೊಳ್ಳುವಾಗ ನೋಡಬೇಕಾದದ್ದು ಅದೇ: ಹಿಂಬದಿ ಗಂಟುಗಂಟಾಗಿ, ಎಳೆಗಳು ಅಡ್ಡಾದಿಡ್ಡಿ ಓಡಿದ್ದರೆ ಅದು ಯಂತ್ರದ್ದು ಅಥವಾ ನಕಲು. ಪೇಟೆಯಲ್ಲಿ ಮುದ್ರಿಸಿದ ನಕಲುಗಳೂ ಇವೆ. ದೊಡ್ಡ ಶಾಲಿಗೆ ಸಾವಿರಗಳಲ್ಲಿ ಬೆಲೆ. ಅಷ್ಟು ಬೇಡವೆಂದರೆ ಚಿಕ್ಕ ಪರ್ಸು, ಮೊಬೈಲ್ ಚೀಲ ಕೊಳ್ಳಿ. ಮೂರು ವಾರದ ಕೆಲಸಕ್ಕೆ ಚೌಕಾಸಿ ಮಾಡಬೇಡಿ. ನಗದು ಇಟ್ಟುಕೊಳ್ಳಿ, ಮಂದ್‌ಗಳಲ್ಲಿ ಸಿಗ್ನಲ್ ಕೈಕೊಡುತ್ತದೆ.

ಸಂಜೆ ಊಟಿ ಪೇಟೆಗೆ ಬಂದು ಸೇಂಟ್ ಸ್ಟೀಫನ್ಸ್ ಚರ್ಚು ನೋಡಿ. 1829ರಲ್ಲಿ ಅಡಿಗಲ್ಲು ಬಿದ್ದ ಇದರ ದೊಡ್ಡ ತೊಲೆಗಳು ಶ್ರೀರಂಗಪಟ್ಟಣದ್ದು, ಟಿಪ್ಪುವಿನ ಲಾಲ್ ಮಹಲ್ ಅರಮನೆ ಕೆಡವಿ ತಂದದ್ದು. ಒಳಗೆ ಕೂತು ಕತ್ತೆತ್ತಿದರೆ ತಲೆಯ ಮೇಲೆ ನಮ್ಮೂರಿನ ಮರ. ಈ ಬೆಟ್ಟಕ್ಕೆ ಅಷ್ಟು ದಪ್ಪ ತೊಲೆಗಳನ್ನು ಹೇಗೆ ಹತ್ತಿಸಿದರು ಎಂದು ಯೋಚಿಸಿ, ಘಾಟಿಯಲ್ಲಿ ನಿಮ್ಮ ಕಾರು ಉಸಿರುಬಿಟ್ಟದ್ದು ನೆನಪಾಗುತ್ತದೆ. ಸಲಿವನ್ 1822ರಲ್ಲಿ ಶುರುಮಾಡಿದ ಕಲ್ಲುಬಂಗಲೆ ‘ಸ್ಟೋನ್ ಹೌಸ್’ ಈಗ ಸರ್ಕಾರಿ ಕಾಲೇಜಿನ ಆವರಣದಲ್ಲಿದೆ, ಹೊರಗಿನಿಂದ ನೋಡಿದರೆ ಸಾಕು. ಮೈಸೂರು ಅರಸರ ಫರ್ನ್‌ಹಿಲ್ಸ್ ಅರಮನೆ ಹೋಟೆಲಾಗಿದೆ. ಒಂದು ಕಾಫಿಯ ಬೆಲೆ ನೋಡಿ ನಾನು ಎದ್ದು ಬಂದೆ.

ನಾಲ್ಕನೆಯ ದಿನ: ರೈಲು, ಆಮೇಲೆ ಇಳಿಜಾರು

ನೀಲಗಿರಿಯ ಬೆಟ್ಟದ ರೈಲಿನ ಪೂರ್ತಿ ಪ್ರಯಾಣ ಎಂದರೆ ಬೆಟ್ಟದ ಬುಡದ ಮೆಟ್ಟುಪಾಳಯಂನಿಂದ ಊಟಿಗೆ 46 ಕಿಲೋಮೀಟರ್, 16 ಸುರಂಗ, 250 ಸೇತುವೆ, ಐದು ಗಂಟೆಗೆ ಸ್ವಲ್ಪ ಕಡಿಮೆ. ಬೆಳಗ್ಗೆ ಏಳರ ಸುಮಾರಿಗೆ ಹೊರಡುತ್ತದೆ. 1899ರಲ್ಲಿ ಕೂನೂರಿನವರೆಗೆ, 1908ರಲ್ಲಿ ಊಟಿಯವರೆಗೆ ಬಂದ ಈ ಹಳಿಗೆ 2005ರಲ್ಲಿ ಯುನೆಸ್ಕೊ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಕಲ್ಲಾರ್‌ನಿಂದ ಕೂನೂರಿನವರೆಗೆ ಎರಡು ಹಳಿಗಳ ನಡುವೆ ಹಲ್ಲುಪಟ್ಟಿ ಇದೆ. ಇಂಜಿನ್ನಿನ ಹಲ್ಲಿನ ಚಕ್ರ ಅದನ್ನು ಕಚ್ಚಿಕೊಂಡು, ಹಿಂದಿನಿಂದ ಡಬ್ಬಿಗಳನ್ನು ತಳ್ಳುತ್ತದೆ. 12 ಅಡಿಗೆ ಒಂದು ಅಡಿ ಏರು. ಟಿಕೆಟ್ 60 ದಿನ ಮೊದಲು ತೆರೆಯುತ್ತದೆ, ತೆರೆದ ಬೆಳಗ್ಗೆಯೇ ಖಾಲಿಯಾಗುತ್ತದೆ.

ಸಿಗದಿದ್ದರೆ ಕೊರಗಬೇಡಿ. ಗಾಡಿಯನ್ನು ಕೂನೂರು ನಿಲ್ದಾಣದ ಹತ್ತಿರ ಬಿಟ್ಟು ಕೂನೂರು–ಊಟಿ ನಡುವಿನ ರೈಲಿನಲ್ಲಿ ಹೋಗಿ ಬನ್ನಿ. ದಿನಕ್ಕೆ ಕೆಲವು ಸಲ ಓಡುತ್ತದೆ, ಡೀಸೆಲ್ ಇಂಜಿನ್, ಕೇತಿ ಕಣಿವೆಯ ಮೇಲೆ ಹಾದುಹೋಗುತ್ತದೆ. ಕಣಿವೆಯ ತುಂಬ ಕ್ಯಾರೆಟ್, ಆಲೂಗೆಡ್ಡೆ ಮಡಿಗಳು, ನಡುವೆ ಹಟ್ಟಿಗಳು. ಮೂರು ದಿನ ಸುತ್ತಿದ ಮೇಲೆ ಕಿಟಕಿಯಿಂದ ನೋಡಿದರೆ ಯಾವುದು ಕೇರಿ, ಯಾವುದು ಗುಡಿ ಎಂದು ಗುರುತು ಹತ್ತುತ್ತದೆ. ಕೂನೂರಿನ ಬೇಕರಿಯಲ್ಲಿ ವರ್ಕಿ ಬಿಸಿಯಿರುವಾಗಲೇ ಕಟ್ಟಿಸಿಕೊಳ್ಳಿ. ಪದರ ಪದರ, ಮುಟ್ಟಿದರೆ ಪುಡಿ, ಕಾರಿನ ಸೀಟಿನ ಸಂದಿಯಲ್ಲಿ ಮುಂದಿನ ಯುಗಾದಿವರೆಗೂ ಸಿಗುತ್ತಿರುತ್ತದೆ.

ಮಧ್ಯಾಹ್ನ ಎರಡರೊಳಗೆ ಊಟಿ ಬಿಡಿ. ಇಳಿಯುವುದು ಗೂಡಲೂರಿನ ಮೇಲೆ, ಎರಡನೆಯ ಗೇರಿನಲ್ಲಿ; ಬ್ರೇಕ್ ಮೇಲೆ ಕಾಲಿಟ್ಟೇ ಇಳಿಯಬೇಡಿ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ, 2009ರಿಂದ. ಒಂದು ಸಲ ನಾವು ಗೂಡಲೂರಿನಲ್ಲಿ ಪರೋಟ ತಿನ್ನಲು ಕೂತು, ಕೆಕ್ಕನಹಳ್ಳದ ಗೇಟಿಗೆ ಬಂದಾಗ ಒಂಬತ್ತು ದಾಟಿ ಐದು ನಿಮಿಷ. ಗೇಟಿನವನು ಗಡಿಯಾರ ತೋರಿಸಿದ, ಚಿಕ್ಕಪ್ಪ ವಾದಕ್ಕೆ ಇಳಿದರು, ಅವನು ಬೀಡಿ ಹಚ್ಚಿದ. ವಾಪಸ್ ಗೂಡಲೂರಿಗೆ ಹೋಗಿ ಲಾಡ್ಜ್ ಹುಡುಕಿದೆವು. ಬೆಳಗ್ಗೆ ಆರಕ್ಕೆ ಗೇಟು ತೆಗೆದಾಗ ಸಾಲಿನಲ್ಲಿ ಮೊದಲ ಗಾಡಿ ನಮ್ಮದೇ.